ಅಸಲಿ ಮೆಕಾಯ್ ಯಾರು?

ಇಂಗ್ಲಿಷ್‌ನಲ್ಲಿ "ದ ರಿಯಲ್ ಮೆಕಾಯ್" ಅಂತ ಒಂದು ನುಡಿಗಟ್ಟಿದೆ. ನಕಲಿ ಅಲ್ಲದ್ದು, ಅಪ್ಪಟವಾದದ್ದು ಅಂತ ಅದರ ಅರ್ಥ. ಹಳೇ ಹಾಲಿವುಡ್ ಸಿನಿಮಾ ನೋಡೋರು ಒಂದಲ್ಲ ಒಂದು ಸಲ ಕೇಳಿರ್ತೀರಿ. ಕನ್ನಡದಲ್ಲಿ ನಾವು ಅಪ್ಪಟ ಅಂತೀವಿ, ಅಸಲಿ ಅಂತೀವಿ, ಅಲ್ಲಿಗೆ ಮುಗೀತು. ಇಂಗ್ಲಿಷ್‌ನವರು ಮಾತ್ರ ಅದಕ್ಕೆ ಒಬ್ಬ ಮನುಷ್ಯನ ಹೆಸರು ಅಂಟಿಸಿದ್ದಾರೆ. ಹಾಗಾಗಿ ಯಾರಪ್ಪಾ ಈ ಮೆಕಾಯ್ ಅನ್ನೋ ಪ್ರಶ್ನೆ ತಾನಾಗೇ ಬರುತ್ತೆ.

ಈ ಪ್ರಶ್ನೆಗೆ ಎಲ್ಲ ಕಡೆ ಸಿಗೋ ಉತ್ತರ ಒಬ್ಬ ಮೆಕ್ಯಾನಿಕಲ್ ಇಂಜಿನಿಯರ್ ಹೆಸರು: ಎಲೈಜಾ ಮೆಕಾಯ್. ಕಥೆ ಹೀಗಿದೆ. ಅವರು ರೈಲು ಇಂಜಿನ್‌ಗಳಿಗೆ ತಾನಾಗೇ ಎಣ್ಣೆ ಬಿಡೋ ಒಂದು ಸಾಧನ ಕಂಡುಹಿಡಿದರು. ಅದು ಎಷ್ಟು ಚೆನ್ನಾಗಿತ್ತು ಅಂದ್ರೆ, ಮಾರ್ಕೆಟ್‌ಗೆ ನಕಲಿಗಳು ಬಂದವು. ಆಗ ರೈಲ್ವೆ ಕಂಪನಿಯವರು ಇಂಜಿನ್ ಕೊಳ್ಳುವಾಗ, ಇದರಲ್ಲಿರೋದು ನಿಜವಾದ ಮೆಕಾಯ್ ತಾನೇ ಅಂತ ಕೇಳೋಕೆ ಶುರು ಮಾಡಿದರು. ಅಲ್ಲಿಂದ ಈ ಮಾತು ಹುಟ್ಟಿತು.

ಕೇಳೋಕೆ ಬಹಳ ಚೆನ್ನಾಗಿದೆ. ಆದರೆ ಈ ಕಥೆಯನ್ನ ಪಕ್ಕಕ್ಕಿಟ್ಟು, ಮೊದಲು ಆ ಮನುಷ್ಯನ ಬದುಕು ನೋಡೋಣ. ನುಡಿಗಟ್ಟಿನ ಲೆಕ್ಕ ಆಮೇಲೆ ಮಾಡೋಣ.

ಓಡಿ ಬಂದವರ ಮಗ

ಎಲೈಜಾ ಹುಟ್ಟಿದ್ದು 1844ರಲ್ಲಿ, ಕೆನಡಾದ ಈಗಿನ ಒಂಟಾರಿಯೋ ಪ್ರಾಂತ್ಯದ ಕೋಲ್ಚೆಸ್ಟರ್ ಅನ್ನೋ ಊರಲ್ಲಿ. ಅಪ್ಪ ಜಾರ್ಜ್, ಅಮ್ಮ ಮಿಲ್ಡ್ರೆಡ್. ಇಬ್ಬರೂ ಅಮೆರಿಕದ ಕೆಂಟಕಿ ರಾಜ್ಯದಲ್ಲಿ ಗುಲಾಮರಾಗಿದ್ದವರು. ಗುಲಾಮರು ಅಂದ್ರೆ ಕಾನೂನಿನ ಪ್ರಕಾರ ಇನ್ನೊಬ್ಬರ ಆಸ್ತಿ. ಹೊಲ, ಕುದುರೆ ಹೇಗೋ ಹಾಗೆ ಅವರನ್ನೂ ಮಾರಬಹುದಿತ್ತು, ಕೊಳ್ಳಬಹುದಿತ್ತು. ಆ ಗಂಡ ಹೆಂಡತಿ ಅಲ್ಲಿಂದ ತಪ್ಪಿಸಿಕೊಂಡು ಉತ್ತರಕ್ಕೆ ಓಡಿ ಕೆನಡಾ ಸೇರಿದರು. ಬ್ರಿಟಿಷ್ ಸಾಮ್ರಾಜ್ಯದಲ್ಲಿ ಗುಲಾಮಗಿರಿ ರದ್ದು ಮಾಡೋ ಕಾನೂನು 1834ರಲ್ಲಿ ಜಾರಿಗೆ ಬಂದಿದ್ದರಿಂದ ಕೆನಡಾದ ಗಡಿ ದಾಟಿದವರು ಸ್ವತಂತ್ರರು.

ಹೀಗೆ ಓಡಿಬರುವವರಿಗೆ ದಾರಿಯುದ್ದಕ್ಕೂ ಗುಟ್ಟಾಗಿ ಸಹಾಯ ಮಾಡೋ ಜನರ ಒಂದು ಜಾಲ ಇತ್ತು. ರಾತ್ರಿ ಹೊತ್ತು ಒಂದು ಮನೆಯಿಂದ ಇನ್ನೊಂದು ಮನೆಗೆ ಕರೆದುಕೊಂಡು ಹೋಗಿ, ಹಗಲು ಅಡಗಿಸಿಟ್ಟು, ಊಟ ಹಾಕಿ ಮುಂದಕ್ಕೆ ಕಳಿಸುತ್ತಿದ್ದರು. ಆ ಜಾಲಕ್ಕೆ ಅಂಡರ್‌ಗ್ರೌಂಡ್ ರೈಲ್‌ರೋಡ್ ಅಂತ ಹೆಸರು. ಅದು ನೆಲದ ಕೆಳಗೂ ಇರಲಿಲ್ಲ, ಅದರಲ್ಲಿ ರೈಲೂ ಇರಲಿಲ್ಲ. ಆದರೆ ಅಡಗಿಸಿಡೋ ಮನೆಗಳಿಗೆ ಸ್ಟೇಷನ್ ಅಂತಲೂ, ದಾರಿ ತೋರಿಸುವವರಿಗೆ ಕಂಡಕ್ಟರ್ ಅಂತಲೂ ಕರೀತಿದ್ರು. ಈ ಇಲ್ಲದ ರೈಲಲ್ಲಿ ಬಂದ ಅಪ್ಪ ಅಮ್ಮನ ಮಗ ಮುಂದೆ ನಿಜವಾದ ರೈಲಿನ ಜೊತೆ ಬದುಕು ಕಳೆದ.

ಆಮೇಲೆ ಕುಟುಂಬ ಅಮೆರಿಕಕ್ಕೆ ವಾಪಸ್ ಬಂದು ಮಿಶಿಗನ್ ರಾಜ್ಯದ ಇಪ್ಸಿಲಾಂಟಿ ಊರಲ್ಲಿ ನೆಲೆಸಿತು. ಡೆಟ್ರಾಯಿಟ್‌ಗೆ ಹತ್ತಿರದ ಊರು ಅದು. ಹುಡುಗನಿಗೆ ಚಿಕ್ಕಂದಿನಿಂದಲೇ ಯಂತ್ರಗಳ ಮೇಲೆ ಆಸಕ್ತಿ. ಬಿಚ್ಚೋದು, ನೋಡೋದು, ಮತ್ತೆ ಜೋಡಿಸೋದು. ಇದನ್ನ ನೋಡಿದ ಅಪ್ಪ ಅಮ್ಮ ಒಂದು ದೊಡ್ಡ ನಿರ್ಧಾರ ಮಾಡಿದರು. ಮಗನಿಗೆ 15 ವರ್ಷ ಆದಾಗ ಅಟ್ಲಾಂಟಿಕ್ ಸಾಗರ ದಾಟಿಸಿ ಸ್ಕಾಟ್ಲೆಂಡಿನ ಎಡಿನ್‌ಬರೋಗೆ ಕಳಿಸಿದರು. ಮೆಕ್ಯಾನಿಕಲ್ ಇಂಜಿನಿಯರಿಂಗ್‌ನಲ್ಲಿ ಅಪ್ರೆಂಟಿಸ್ ಆಗಿ ಕೆಲಸ ಕಲಿಯೋಕೆ.

ಆಗಿನ ಅಮೆರಿಕದಲ್ಲಿ ಕಪ್ಪು ಹುಡುಗನೊಬ್ಬನನ್ನು ಅಪ್ರೆಂಟಿಸ್ ಮಾಡಿಕೊಂಡು ಇಂಜಿನಿಯರಿಂಗ್ ಕಲಿಸೋ ಜಾಗಗಳು ಹೆಚ್ಚುಕಡಿಮೆ ಇರಲೇ ಇಲ್ಲ. ಕೆಲವು ರಾಜ್ಯಗಳಲ್ಲಂತೂ ಗುಲಾಮರಿಗೆ ಅಕ್ಷರ ಕಲಿಸೋದೇ ಅಪರಾಧ. ಅಂಥ ಕಾಲದಲ್ಲಿ, ಒಂದು ಕಾಲದಲ್ಲಿ ತಾವೇ ಆಸ್ತಿಯಾಗಿದ್ದ ತಂದೆ ತಾಯಿ ಮಗನನ್ನ ಓದೋಕೆ ಫಾರಿನ್‌ಗೆ ಕಳಿಸಿದರು. ಇವತ್ತು ಸಾಲ ಮಾಡಿ ಮಕ್ಕಳನ್ನ ಎಂಎಸ್‌ಗೆ ಕಳಿಸೋ ಅಪ್ಪ ಅಮ್ಮಂದಿರನ್ನ ನೋಡಿರೋ ನಮಗೆ ಅದರ ಭಾರ ಸ್ವಲ್ಪವಾದರೂ ಅರ್ಥ ಆಗುತ್ತೆ.

ಸರ್ಟಿಫಿಕೇಟ್ ಇತ್ತು, ಕೆಲಸ ಇರಲಿಲ್ಲ

ಎಲೈಜಾ ಎಡಿನ್‌ಬರೋದಲ್ಲಿ ತರಬೇತಿ ಮುಗಿಸಿ ಮೆಕ್ಯಾನಿಕಲ್ ಇಂಜಿನಿಯರ್ ಆದರು. ಅಷ್ಟರಲ್ಲಿ ಅಮೆರಿಕದಲ್ಲಿ 1861ರಿಂದ 1865ರವರೆಗೆ ಅಂತರ್ಯುದ್ಧ ನಡೆದು, ಗುಲಾಮಗಿರಿ ರದ್ದಾಗಿತ್ತು. ಯುದ್ಧ ಮುಗಿದ ಮೇಲೆ ಇಪ್ಸಿಲಾಂಟಿಗೆ ವಾಪಸ್ ಬಂದು ಕೆಲಸ ಹುಡುಕಿದರು. ಕಾನೂನು ಬದಲಾಗಿತ್ತು, ಆದರೆ ಕೆಲಸ ಕೊಡುವವರು ಬದಲಾಗಿರಲಿಲ್ಲ. ಕಪ್ಪು ಮನುಷ್ಯನನ್ನ ಇಂಜಿನಿಯರ್ ಹುದ್ದೆಗೆ ತೆಗೆದುಕೊಳ್ಳೋಕೆ ಯಾರೂ ತಯಾರಿರಲಿಲ್ಲ. ಕೊನೆಗೆ ಮಿಶಿಗನ್ ಸೆಂಟ್ರಲ್ ರೈಲ್‌ರೋಡ್ ಕಂಪನಿಯಲ್ಲಿ ಸಿಕ್ಕಿದ್ದು ಫೈರ್‌ಮ್ಯಾನ್ ಮತ್ತು ಎಣ್ಣೆ ಹಾಕುವವನ ಕೆಲಸ.

ಫೈರ್‌ಮ್ಯಾನ್ ಅಂದ್ರೆ ಬೆಂಕಿ ಆರಿಸೋರು ಅಂದುಕೋಬೇಡಿ. ಉಗಿ ಇಂಜಿನ್‌ನಲ್ಲಿ ಬೆಂಕಿ ಉರಿಸುವವನು ಫೈರ್‌ಮ್ಯಾನ್. ಬಾಯ್ಲರ್ ಬಿಸಿಯಾಗಿರೋ ಹಾಗೆ ದಾರಿಯುದ್ದಕ್ಕೂ ಇಂಧನ ತುಂಬುತ್ತಾ ಇರಬೇಕು. ಜೊತೆಗೆ ಇಂಜಿನ್‌ನ ಉಜ್ಜಾಡೋ ಭಾಗಗಳಿಗೆಲ್ಲ ಎಣ್ಣೆ ಬಿಡಬೇಕು. ಸ್ಕಾಟ್ಲೆಂಡಿನಲ್ಲಿ ತರಬೇತಿ ಪಡೆದ ಇಂಜಿನಿಯರ್ ಕೈಗೆ ಸಲಿಕೆ ಮತ್ತು ಎಣ್ಣೆ ಡಬ್ಬಿ ಬಂತು.

ಆದರೆ ಎಣ್ಣೆ ಹಾಕುವವರಲ್ಲಿ ಥರ್ಮೋಡೈನಾಮಿಕ್ಸ್ ಅರ್ಥ ಆಗ್ತಿದ್ದವರು ಎಷ್ಟು ಜನ ಇದ್ದಿರಬಹುದು? ಎಲೈಜಾ ದಿನಾ ಮಾಡುತ್ತಿದ್ದ ಕೆಲಸವನ್ನೇ ಇಂಜಿನಿಯರ್ ಕಣ್ಣಿಂದ ನೋಡತೊಡಗಿದರು.

ಎಣ್ಣೆ ಬಿಡೋದು ಯಾಕೆ ಅಷ್ಟು ಕಷ್ಟ?

ಉಗಿ ಇಂಜಿನ್ ಕೆಲಸ ಮಾಡೋ ರೀತಿ ನಮಗೆಲ್ಲ ಗೊತ್ತಿರೋದೇ. ಬಾಯ್ಲರ್‌ನಿಂದ ಬರೋ ಉಗಿ ಸಿಲಿಂಡರ್ ಒಳಗೆ ಪಿಸ್ಟನ್ ಅನ್ನು ತಳ್ಳುತ್ತೆ. ಪಿಸ್ಟನ್ ಹಿಂದೆ ಮುಂದೆ ಹೋದ ಹಾಗೆ ಚಕ್ರ ತಿರುಗುತ್ತೆ. ಪಿಸ್ಟನ್ ಸಿಲಿಂಡರ್‌ನ ಗೋಡೆಗೆ ಉಜ್ಜುತ್ತಲೇ ಇರುತ್ತೆ. ಉಗಿ ಒಳಗೆ ಬಿಡೋ ವಾಲ್ವ್ ಕೂಡ ಅದರ ಸೀಟಿನ ಮೇಲೆ ಉಜ್ಜುತ್ತಿರುತ್ತೆ. ಎಣ್ಣೆ ಇಲ್ಲದಿದ್ದರೆ ಲೋಹಕ್ಕೆ ಲೋಹ ತಿಕ್ಕಿ ಸವೆದು ಹೋಗುತ್ತೆ.

ಹೊರಗಿನ ಬೇರಿಂಗ್‌ಗಳಿಗೆ ಎಣ್ಣೆ ಹಾಕೋದು ಸುಲಭ, ರೈಲು ನಿಲ್ಲಿಸಿ ಡಬ್ಬಿಯಿಂದ ಸುರಿದರೆ ಆಯ್ತು. ಸಿಲಿಂಡರ್ ಹಾಗಲ್ಲ. ಇಂಜಿನ್ ಓಡುವಾಗ ಅದರೊಳಗೆ ಹೆಚ್ಚಿನ ಒತ್ತಡದ ಉಗಿ ಇರುತ್ತೆ. ಮುಚ್ಚಳ ತೆಗೆದರೆ ಎಣ್ಣೆ ಒಳಗೆ ಹೋಗೋ ಬದಲು ಉಗಿ ಮುಖಕ್ಕೆ ನುಗ್ಗುತ್ತೆ. ಆದ್ದರಿಂದ ಉಗಿ ಬಂದ್ ಮಾಡಿದಾಗ, ಅಂದ್ರೆ ಸ್ಟೇಷನ್‌ನಲ್ಲೋ ಇಳಿಜಾರಿನಲ್ಲೋ, ಕರಗಿಸಿದ ಪ್ರಾಣಿಕೊಬ್ಬನ್ನೋ ಎಣ್ಣೆಯನ್ನೋ ಹಾಕಬೇಕಿತ್ತು. ತಮಾಷೆ ಏನಂದ್ರೆ, ಎಣ್ಣೆ ಅತಿ ಹೆಚ್ಚು ಬೇಕಾಗಿರೋದು ಉಗಿ ಪೂರ್ತಿ ಬಿಟ್ಟು ಇಂಜಿನ್ ಕಷ್ಟಪಟ್ಟು ಎಳೆಯುತ್ತಿರುವಾಗ. ಸರಿಯಾಗಿ ಆಗಲೇ ಹಾಕೋಕೆ ಆಗ್ತಿರಲಿಲ್ಲ.

1872ರ ಜುಲೈನಲ್ಲಿ ಎಲೈಜಾ ಮೆಕಾಯ್ ಇದಕ್ಕೊಂದು ಪರಿಹಾರದ ಪೇಟೆಂಟ್ ಪಡೆದರು. ಅಮೆರಿಕದ ಪೇಟೆಂಟ್ ನಂಬರ್ 129843, ಉಗಿ ಇಂಜಿನ್‌ಗಳ ಲೂಬ್ರಿಕೇಟರ್‌ನಲ್ಲಿ ಸುಧಾರಣೆ. ಅದರ ಐಡಿಯಾ ಸರಳ. ಎಣ್ಣೆ ತುಂಬಿದ ಒಂದು ಬಟ್ಟಲು. ಅದರೊಳಗೆ ಒಂದು ಕಡ್ಡಿ. ಕಡ್ಡಿಯ ಮೇಲ್ತುದಿಗೆ ವಾಲ್ವ್, ಕೆಳತುದಿಗೆ ಒಂದು ಪುಟ್ಟ ಪಿಸ್ಟನ್. ಇಂಜಿನ್‌ಗೆ ಉಗಿ ಬಿಟ್ಟಾಗ ಆ ಉಗಿಯ ಒತ್ತಡ ಪುಟ್ಟ ಪಿಸ್ಟನ್ ಅನ್ನು ಮೇಲಕ್ಕೆ ತಳ್ಳುತ್ತೆ, ವಾಲ್ವ್ ತೆರೆಯುತ್ತೆ, ಎಣ್ಣೆ ಇಳಿಯುತ್ತೆ. ಉಗಿ ನಿಂತರೆ ವಾಲ್ವ್ ಮುಚ್ಚಿಕೊಳ್ಳುತ್ತೆ, ಎಣ್ಣೆಯೂ ನಿಲ್ಲುತ್ತೆ. ಯಾವ ಒತ್ತಡ ಎಣ್ಣೆ ಹಾಕೋಕೆ ಅಡ್ಡಿಯಾಗಿತ್ತೋ ಅದನ್ನೇ ಅವರು ಎಣ್ಣೆ ಹಾಕೋ ಆಳನ್ನಾಗಿ ಮಾಡಿಕೊಂಡರು.

ಇಲ್ಲಿ ಒಂದು ವಿಷಯ ನೇರವಾಗಿ ಹೇಳಬೇಕು. ತಾನಾಗೇ ಎಣ್ಣೆ ಬಿಡೋ ಸಾಧನವನ್ನ ಪ್ರಪಂಚದಲ್ಲಿ ಮೊಟ್ಟಮೊದಲು ಮಾಡಿದ್ದು ಮೆಕಾಯ್ ಅಂತ ಎಷ್ಟೋ ಕಡೆ ಬರೆದಿರ್ತಾರೆ. ಅದು ಸರಿಯಲ್ಲ. ಇಂಗ್ಲೆಂಡಿನ ರೈಲ್ವೆ ಇಂಜಿನಿಯರ್ ಜಾನ್ ರಾಮ್ಸ್‌ಬಾಟಮ್ 1860ರಲ್ಲೇ ಒಂದು ಲೂಬ್ರಿಕೇಟರ್ ಮಾಡಿದ್ದರು. ಅದರಲ್ಲಿ ಉಗಿ ತಣಿದು ನೀರಾಗಿ ಎಣ್ಣೆ ಬಟ್ಟಲಿನ ತಳಕ್ಕೆ ಇಳಿಯುತ್ತೆ. ಎಣ್ಣೆ ನೀರಿಗಿಂತ ಹಗುರ, ಹಾಗಾಗಿ ಮೇಲಕ್ಕೆ ಎದ್ದು ಸ್ವಲ್ಪ ಸ್ವಲ್ಪವೇ ಹೊರಗೆ ಹರಿಯುತ್ತೆ. ಮೆಕಾಯ್ ಇನ್ನೊಂದು ದಾರಿಯಲ್ಲಿ ಹೋದರು, ಆ ದಾರಿಯನ್ನ ಜೀವನಪೂರ್ತಿ ಬಿಡಲಿಲ್ಲ. ಒಂದೇ ಸಮಸ್ಯೆಯ ಮೇಲೆ ಹಲವು ದೇಶಗಳಲ್ಲಿ ಹಲವರು ಕೆಲಸ ಮಾಡ್ತಾ ಇದ್ದರು, ಅವರಲ್ಲಿ ಇವರೂ ಒಬ್ಬರು. ಇಂಜಿನಿಯರಿಂಗ್ ಮುಂದಕ್ಕೆ ಹೋಗೋದೇ ಹಾಗೆ ಅಲ್ವಾ?

ಈ ಪೇಟೆಂಟ್‌ನ ಬೆಲೆ ಬೇರೆ ಒಂದು ಲೆಕ್ಕದಲ್ಲೂ ನೋಡಬೇಕು. 1858ರಲ್ಲಿ ಅಮೆರಿಕದ ಅಟಾರ್ನಿ ಜನರಲ್ ಒಂದು ಅಭಿಪ್ರಾಯ ಕೊಟ್ಟಿದ್ದರು: ಗುಲಾಮನೊಬ್ಬ ಏನನ್ನಾದರೂ ಕಂಡುಹಿಡಿದರೆ ಅದಕ್ಕೆ ಪೇಟೆಂಟ್ ಸಿಗಲ್ಲ. ಅವನಿಗೂ ಇಲ್ಲ, ಅವನ ಮಾಲೀಕನಿಗೂ ಇಲ್ಲ. ಯಾಕಂದ್ರೆ ಕಾನೂನಿನ ಕಣ್ಣಲ್ಲಿ ಗುಲಾಮ ಪ್ರಜೆಯೇ ಅಲ್ಲ. ಅದಾಗಿ 14 ವರ್ಷಕ್ಕೆ ಗುಲಾಮಗಿರಿಯಿಂದ ಓಡಿಬಂದವರ ಮಗನ ಹೆಸರು ಅದೇ ಸರ್ಕಾರದ ಪೇಟೆಂಟ್ ಪುಸ್ತಕದಲ್ಲಿ ಬಂತು.

57 ಪೇಟೆಂಟ್, ಹೆಸರಿಲ್ಲದ ಯಂತ್ರಗಳು

ಆ 1872 ಎಲೈಜಾ ಅವರ ಬದುಕಿನಲ್ಲಿ ಸಂತೋಷದ ವರ್ಷ ಮಾತ್ರ ಆಗಿರಲಿಲ್ಲ. 1868ರಲ್ಲಿ ಮದುವೆಯಾಗಿದ್ದ ಮೊದಲ ಹೆಂಡತಿ ಆನ್ ಎಲಿಜಬೆತ್ ಸ್ಟುವರ್ಟ್ ತೀರಿಕೊಂಡಿದ್ದೂ ಅದೇ ವರ್ಷ. ಮುಂದಿನ ವರ್ಷ ಮೇರಿ ಎಲಿಯನೋರಾ ಡೆಲೇನಿ ಅವರನ್ನ ಮದುವೆಯಾದರು. ಆಮೇಲೆ 1882ರಲ್ಲಿ ದಂಪತಿ ಡೆಟ್ರಾಯಿಟ್‌ಗೆ ಹೋದರು. ಮೇರಿ ಬರೀ ಇಂಜಿನಿಯರ್ ಹೆಂಡತಿಯಾಗಿ ಉಳಿದವರಲ್ಲ. ಡೆಟ್ರಾಯಿಟ್‌ನಲ್ಲಿ ಕಪ್ಪು ಮಹಿಳೆಯರ ಸಂಘಗಳನ್ನ ಕಟ್ಟಿದರು, ವಯಸ್ಸಾದ ಕಪ್ಪು ಹೆಂಗಸರಿಗಾಗಿ ಫಿಲಿಸ್ ವೀಟ್ಲಿ ಹೋಮ್ ಅನ್ನೋ ಆಶ್ರಮ ಶುರು ಮಾಡುವುದರಲ್ಲಿ ಮುಂದೆ ನಿಂತರು. ಆ ಊರಿನ ಇತಿಹಾಸದಲ್ಲಿ ಮೇರಿ ಮೆಕಾಯ್ ಹೆಸರು ತನ್ನದೇ ಕಾರಣಕ್ಕೆ ಇದೆ.

ಎಲೈಜಾ ಲೂಬ್ರಿಕೇಟರ್ ಕೆಲಸ ಮುಂದುವರಿಸಿದರು. ಒಂದು ಪೇಟೆಂಟ್, ಅದರ ಮೇಲೆ ಸುಧಾರಣೆ, ಮತ್ತೆ ಅದರ ಮೇಲೆ ಸುಧಾರಣೆ. ಒಟ್ಟು 57 ಪೇಟೆಂಟ್. ಅದರಲ್ಲಿ ಬಹುಪಾಲು ಎಣ್ಣೆ ಬಿಡೋ ಸಾಧನಗಳದ್ದೇ. ಬೇರೆಯವೂ ಇವೆ: 1874ರಲ್ಲಿ ಬಟ್ಟೆ ಇಸ್ತ್ರಿ ಮಾಡೋ ಟೇಬಲ್, 1899ರಲ್ಲಿ ಹುಲ್ಲುಹಾಸಿಗೆ ನೀರು ಚಿಮುಕಿಸೋ ಸ್ಪ್ರಿಂಕ್ಲರ್‌ನ ಡಿಸೈನ್.

ಆದರೆ ಪೇಟೆಂಟ್ ಇದ್ದ ಮಾತ್ರಕ್ಕೆ ಫ್ಯಾಕ್ಟರಿ ಇರಲ್ಲ. ತಯಾರಿಸೋಕೆ ಬಂಡವಾಳ ಬೇಕು. ಅದು ಅವರ ಹತ್ತಿರ ಇರಲಿಲ್ಲ. ಹಾಗಾಗಿ ಎಷ್ಟೋ ಪೇಟೆಂಟ್‌ಗಳ ಹಕ್ಕನ್ನ ಪೂರ್ತಿಯಾಗಿಯೋ ಪಾಲಾಗಿಯೋ ಹಣ ಹಾಕುವವರಿಗೆ ಬರೆದುಕೊಟ್ಟರು. ಆ ದುಡ್ಡಲ್ಲಿ ಮುಂದಿನ ಪ್ರಯೋಗ. ಇದರ ಫಲ ಏನಾಯ್ತು ಅಂದ್ರೆ, ಅವರ ಐಡಿಯಾ ಇರೋ ಬಹಳಷ್ಟು ಲೂಬ್ರಿಕೇಟರ್‌ಗಳ ಮೇಲೆ ಅವರ ಹೆಸರು ಇರಲಿಲ್ಲ. ಈ ಮಾತನ್ನ ನೆನಪಿಟ್ಟುಕೊಳ್ಳಿ, ನುಡಿಗಟ್ಟಿನ ವಿಚಾರಣೆಯಲ್ಲಿ ಬೇಕಾಗುತ್ತೆ.

ಇನ್ನೊಂದು ತೊಡಕು. ಪೇಟೆಂಟ್ ಆಫೀಸ್ ದಾಖಲೆಯಲ್ಲಿ ಅರ್ಜಿದಾರ ಬಿಳಿಯನೋ ಕಪ್ಪು ಮನುಷ್ಯನೋ ಅಂತ ಬರೀತಿರಲಿಲ್ಲ. ಹಾಗಾಗಿ ಕಪ್ಪು ಜನ ಏನು ಕಂಡುಹಿಡಿದಿದ್ದಾರೆ ಅಂತ ಯಾರಾದರೂ ಕೇಳಿದರೆ ತೋರಿಸೋಕೆ ಪಟ್ಟಿಯೇ ಇರಲಿಲ್ಲ. ಆ ಪಟ್ಟಿ ಮಾಡಿದ್ದು ಪೇಟೆಂಟ್ ಆಫೀಸಿನಲ್ಲೇ ಕೆಲಸ ಮಾಡುತ್ತಿದ್ದ ಹೆನ್ರಿ ಬೇಕರ್ ಅನ್ನೋ ಕಪ್ಪು ಅಧಿಕಾರಿ. ವಕೀಲರಿಗೆ, ಕಂಪನಿಗಳಿಗೆ ಪತ್ರ ಬರೆದು ವಿಚಾರಿಸಿ, 1900ರ ಪ್ಯಾರಿಸ್ ಪ್ರದರ್ಶನದ ಹೊತ್ತಿಗೆ ನೂರಾರು ಪೇಟೆಂಟ್‌ಗಳ ಪಟ್ಟಿ ಸಿದ್ಧ ಮಾಡಿದರು. ಅದರಲ್ಲಿ ಮತ್ತೆ ಮತ್ತೆ ಬರೋ ಹೆಸರುಗಳಲ್ಲಿ ಎಲೈಜಾ ಮೆಕಾಯ್ ಒಂದು. 1909ರಲ್ಲಿ ಬುಕರ್ ಟಿ. ವಾಷಿಂಗ್ಟನ್ ಕೂಡ ತಮ್ಮ ಪುಸ್ತಕದಲ್ಲಿ ಅವರನ್ನ ಹೆಸರಿಸಿದರು.

ವಯಸ್ಸಾದ ಮೇಲೂ ಎಲೈಜಾ ನಿಲ್ಲಲಿಲ್ಲ. 20ನೇ ಶತಮಾನದ ಶುರುವಿನಲ್ಲಿ ಸೂಪರ್‌ಹೀಟರ್ ಇರೋ ಇಂಜಿನ್‌ಗಳು ಬಂದವು. ಉಗಿಯನ್ನ ಇನ್ನೂ ಹೆಚ್ಚು ಬಿಸಿ ಮಾಡಿದರೆ ಕಲ್ಲಿದ್ದಲು, ನೀರು ಎರಡೂ ಉಳಿಯುತ್ತೆ. ಆದರೆ ಅಷ್ಟು ಶಾಖಕ್ಕೆ ಮಾಮೂಲಿ ಎಣ್ಣೆ ಸುಟ್ಟು ಕರಿಯಾಗುತ್ತೆ. ಗ್ರಾಫೈಟ್ ಪುಡಿ ಆ ಶಾಖವನ್ನ ತಡೆಯುತ್ತೆ, ಆದರೆ ಅದನ್ನ ಎಣ್ಣೆಯಲ್ಲಿ ಬೆರೆಸಿ ಕಳಿಸಿದರೆ ಸಣ್ಣ ದಾರಿಗಳಲ್ಲಿ ಕಟ್ಟಿಕೊಳ್ಳುತ್ತೆ. ಗ್ರಾಫೈಟ್ ಬೆರೆತ ಎಣ್ಣೆ ಕಟ್ಟಿಕೊಳ್ಳದೆ ಹರಿಯೋ ಹಾಗಿನ ಲೂಬ್ರಿಕೇಟರ್‌ಗೆ 1915ರಲ್ಲಿ ಪೇಟೆಂಟ್ ಪಡೆದರು. ಆಗ ಅವರ ವಯಸ್ಸು ಸುಮಾರು 70. ಮುಂದೆ 1920ರಲ್ಲಿ, ಕೊನೆಗೂ, ಎಲೈಜಾ ಮೆಕಾಯ್ ಮ್ಯಾನುಫ್ಯಾಕ್ಚರಿಂಗ್ ಕಂಪನಿ ಶುರುವಾಯ್ತು. ಮೊದಲ ಪೇಟೆಂಟ್ ಸಿಕ್ಕಿ 48 ವರ್ಷ ಆದ ಮೇಲೆ ತಮ್ಮದೇ ಹೆಸರಿನ ಕಂಪನಿ.

ಆ ಸಂತೋಷ ಹೆಚ್ಚು ದಿನ ಇರಲಿಲ್ಲ. 1922ರಲ್ಲಿ ಗಂಡ ಹೆಂಡತಿ ಇಬ್ಬರೂ ಕಾರು ಅಪಘಾತಕ್ಕೆ ಸಿಕ್ಕರು. ಅದರಲ್ಲಾದ ಪೆಟ್ಟಿನಿಂದ ಮೇರಿ ತೀರಿಕೊಂಡರು. ಎಲೈಜಾ ಪೂರ್ತಿ ಚೇತರಿಸಿಕೊಳ್ಳಲೇ ಇಲ್ಲ. ಕೊನೆಯ ದಿನಗಳನ್ನ ಡೆಟ್ರಾಯಿಟ್ ಹತ್ತಿರದ ಎಲೋಯಿಸ್ ಅನ್ನೋ ಕಡೆ, ಬಡವರಿಗೂ ರೋಗಿಗಳಿಗೂ ಇದ್ದ ಸರ್ಕಾರಿ ಆಸ್ಪತ್ರೆಯಲ್ಲಿ ಕಳೆದರು. 1929ರ ಅಕ್ಟೋಬರ್ 10ರಂದು ಅಲ್ಲೇ ಸತ್ತರು.

ಈಗ ನುಡಿಗಟ್ಟಿನ ಲೆಕ್ಕ

ರಿಯಲ್ ಮೆಕಾಯ್ ನಾನೇ ಅಂತ ಕ್ಲೇಮ್ ಮಾಡೋಕೆ ಎಲೈಜಾ ಜೊತೆ ಇನ್ನೂ ಕೆಲವರು ಕ್ಯೂನಲ್ಲಿದ್ದಾರೆ.

ಒಬ್ಬ ಬಾಕ್ಸರ್ ಕಿಡ್ ಮೆಕಾಯ್. ನಿಜವಾದ ಹೆಸರು ನಾರ್ಮನ್ ಸೆಲ್ಬಿ. 1896ರಲ್ಲಿ ವೆಲ್ಟರ್‌ವೇಟ್ ಚಾಂಪಿಯನ್ ಅನ್ನಿಸಿಕೊಂಡವನು. ಬಾರ್‌ನಲ್ಲಿ ಒಬ್ಬ ಕುಡುಕ ಇವನು ನಿಜವಾದ ಮೆಕಾಯ್ ಅಲ್ಲ ಅಂತ ರೇಗಿಸಿ, ಒಂದು ಏಟು ತಿಂದು ಬಿದ್ದು, ಎದ್ದ ಮೇಲೆ ಒಪ್ಪಿಕೊಂಡ ಅನ್ನೋದು ಅವನ ಕಡೆಯವರ ಕಥೆ. ಇನ್ನೊಬ್ಬ ಬಿಲ್ ಮೆಕಾಯ್. 1920ರ ದಶಕದಲ್ಲಿ ಅಮೆರಿಕದಲ್ಲಿ ಮದ್ಯ ನಿಷೇಧ ಇದ್ದಾಗ ಹಡಗಲ್ಲಿ ಕಳ್ಳಸಾಗಣೆ ಮಾಡುತ್ತಿದ್ದವನು. ನೀರು ಬೆರೆಸದ ಮಾಲು ಮಾರುತ್ತಿದ್ದರಿಂದ ಅವನ ಮಾಲಿಗೇ ಈ ಹೆಸರು ಬಂತಂತೆ. ಮೂರನೆಯವನು ಜೋಸೆಫ್ ಮೆಕಾಯ್, 1867ರಲ್ಲಿ ಕಾನ್ಸಸ್‌ನ ಅಬಿಲೀನ್ ಊರನ್ನ ದೊಡ್ಡ ದನದ ಮಾರುಕಟ್ಟೆ ಮಾಡಿದ ವ್ಯಾಪಾರಿ.

ಇವರಲ್ಲಿ ಯಾರು ಅಂತ ಹೇಗೆ ತೀರ್ಮಾನ ಮಾಡೋದು? ಕೋಡ್‌ನಲ್ಲಿ ಬಗ್ ಹುಡುಕೋ ಹಾಗೆ, ಯಾವುದು ಮೊದಲು ಬಂತು ಅಂತ ನೋಡಬೇಕು. 1881ರಲ್ಲಿ ಕೆನಡಾದ ಹುಡುಗರ ಬಗ್ಗೆ ಜೇಮ್ಸ್ ಬಾಂಡ್ ಅನ್ನೋ ಲೇಖಕರು (ಹೌದು, ಅದೇ ಹೆಸರು, ಆದರೆ ಗೂಢಚಾರ ಅಲ್ಲ) ಬರೆದ ಪುಸ್ತಕದಲ್ಲಿ ಮೆಕಾಯ್ ಅನ್ನೋ ರೂಪದಲ್ಲೇ ಈ ನುಡಿಗಟ್ಟು ಅಚ್ಚಾಗಿದೆ. 1881ಕ್ಕೆ ಬಾಕ್ಸರ್ ಇನ್ನೂ ಚಿಕ್ಕ ಹುಡುಗ. ಕಳ್ಳಸಾಗಣೆ ಬಿಲ್ ಶುರು ಮಾಡೋಕೆ ಇನ್ನೂ ಸುಮಾರು 40 ವರ್ಷ ಇತ್ತು. ಇಬ್ಬರೂ ಔಟ್.

1872ರ ಪೇಟೆಂಟ್ 1881ಕ್ಕಿಂತ ಮುಂಚೆಯದು, ಹಾಗಾಗಿ ಎಲೈಜಾ ಈ ರೌಂಡ್ ದಾಟುತ್ತಾರೆ. ಆದರೆ ಇನ್ನೂ ಹಿಂದಕ್ಕೆ ಹೋದರೆ ಕಥೆ ಬದಲಾಗುತ್ತೆ. ಸ್ಕಾಟ್ಲೆಂಡಿನಲ್ಲಿ ಇದೇ ಅರ್ಥದಲ್ಲಿ ರಿಯಲ್ ಮಕೈ ಅನ್ನೋ ಮಾತು 1856ರ ಒಂದು ಸ್ಕಾಟಿಷ್ ಪದ್ಯದಲ್ಲೇ ಬಂದಿದೆ. ಮಕೈ ಅನ್ನೋದು ಸ್ಕಾಟ್ಲೆಂಡಿನ ಒಂದು ದೊಡ್ಡ ಮನೆತನದ ಹೆಸರು. 1870ರ ಹೊತ್ತಿಗೆ ಎಡಿನ್‌ಬರೋದ ಜಿ. ಮಕೈ ಅಂಡ್ ಕಂಪನಿ ತಮ್ಮ ವಿಸ್ಕಿಯ ಜಾಹೀರಾತಿಗೆ ಅದನ್ನೇ ಬಳಸಿಕೊಂಡಿತು. 1883ರಲ್ಲಿ ಕಾದಂಬರಿಕಾರ ರಾಬರ್ಟ್ ಲೂಯಿ ಸ್ಟೀವನ್‌ಸನ್ ಒಂದು ಪತ್ರದಲ್ಲೂ ಮಕೈ ರೂಪವನ್ನೇ ಬಳಸಿದ್ದಾರೆ. 1856ರಲ್ಲಿ ನಮ್ಮ ಎಲೈಜಾಗೆ 12 ವರ್ಷ. ಇನ್ನೂ ಎಡಿನ್‌ಬರೋಗೆ ಹೋಗಿರಲಿಲ್ಲ, ಲೂಬ್ರಿಕೇಟರ್ ಕನಸಲ್ಲೂ ಇರಲಿಲ್ಲ.

ಹಾಗಾಗಿ ಭಾಷೆಯ ಇತಿಹಾಸ ನೋಡುವವರಲ್ಲಿ ಹೆಚ್ಚಿನವರು ಒಪ್ಪೋದು ಇದನ್ನ: ಮಾತು ಸ್ಕಾಟ್ಲೆಂಡಿನಲ್ಲಿ ಮಕೈ ಆಗಿ ಹುಟ್ಟಿ, ಜನರ ಜೊತೆ ಸಾಗರ ದಾಟಿ, ಅಲ್ಲಿ ಮೆಕಾಯ್ ಆಯ್ತು. ಮಕೈ ಯಾಕೆ ಮೆಕಾಯ್ ಆಯ್ತು ಅನ್ನೋದರ ಬಗ್ಗೆ ವಾದ ಇನ್ನೂ ಇದೆ. ಆ ಬದಲಾವಣೆಗೆ ಎಲೈಜಾ ಹೆಸರೇ ಕಾರಣ ಆಗಿರಬಾರದಾ ಅಂತ ಕೇಳಬಹುದು. ಆದರೆ ಅದಕ್ಕೆ ರೈಲ್ವೆಯವರು ಹಾಗೆ ಕೇಳುತ್ತಿದ್ದರು ಅನ್ನೋ ದಾಖಲೆ ಬೇಕು. ಅವರು ಬದುಕಿದ್ದ ಕಾಲದ ಬರಹಗಳಲ್ಲಿ ಅಂಥದ್ದು ಹುಡುಕಿದವರಿಗೆ ಸಿಕ್ಕಿಲ್ಲ. ಜೊತೆಗೆ ಮೊದಲು ಹೇಳಿದ ಮಾತು: ಬಹಳಷ್ಟು ಸಾಧನಗಳ ಮೇಲೆ ಹೆಸರೇ ಇಲ್ಲದಾಗ, ಹೆಸರು ಹಿಡಿದು ಕೇಳೋರು ಎಷ್ಟು ಜನ?

ಎರಡು ವಿಸ್ಕಿ ಜಾಹೀರಾತು

ಹಾಗಾದರೆ ಎಲೈಜಾ ಹೆಸರು ಇದಕ್ಕೆ ಗಟ್ಟಿಯಾಗಿ ಅಂಟಿಕೊಂಡಿದ್ದು ಯಾವಾಗ? 1966ರಲ್ಲಿ ಓಲ್ಡ್ ಟೇಲರ್ ಅನ್ನೋ ಅಮೆರಿಕನ್ ವಿಸ್ಕಿಯ ಜಾಹೀರಾತು ಒಂದು ಬಂತು. ಅದರಲ್ಲಿ ಎಲೈಜಾ ಮೆಕಾಯ್ ಅವರ ಸಾಧನೆ ಹೇಳಿ, ಈ ನುಡಿಗಟ್ಟಿನ ಜೊತೆ ಅವರ ಹೆಸರು ಜೋಡಿಸಿದ್ದರು. ಅವರು ಸತ್ತು ಆಗಲೇ 37 ವರ್ಷ ಆಗಿತ್ತು. ಆಮೇಲೆ ಪುಸ್ತಕಗಳು, ಶಾಲೆಯ ಪೋಸ್ಟರ್‌ಗಳು ಅದನ್ನೇ ಹೇಳ್ತಾ ಹೋದವು.

ನೋಡಿ, ಆ ಕಡೆ 1870ರ ಸ್ಕಾಚ್ ವಿಸ್ಕಿ ಜಾಹೀರಾತು, ಈ ಕಡೆ 1966ರ ಅಮೆರಿಕನ್ ವಿಸ್ಕಿ ಜಾಹೀರಾತು. ಅಸಲಿ ಅನ್ನೋ ಪದದ ಚರಿತ್ರೆಯನ್ನ ಎರಡೂ ತುದಿಯಲ್ಲಿ ಹಿಡಿದಿರೋದು ಮಾಲು ಮಾರುವವರು. ಇನ್ನೊಂದು ವಿಷಯ ಓದಿದಾಗ ಮನಸ್ಸಿಗೆ ಚುಚ್ಚುತ್ತೆ. ಓಲ್ಡ್ ಟೇಲರ್ ಕೆಂಟಕಿಯ ವಿಸ್ಕಿ. ಜಾರ್ಜ್ ಮತ್ತು ಮಿಲ್ಡ್ರೆಡ್ ಮೆಕಾಯ್ ಯಾವ ರಾಜ್ಯದಿಂದ ಜೀವ ಕೈಯಲ್ಲಿ ಹಿಡಿದು ಓಡಿದ್ದರೋ, ಅದೇ ರಾಜ್ಯದ ಒಂದು ಬ್ರಾಂಡ್ ಅವರ ಮಗನ ಹೆಸರಲ್ಲಿ ಬಾಟಲಿ ಮಾರಿತು.

ಹಾಗಂತ ಈ ಕಥೆಯನ್ನ ನಂಬಿದವರನ್ನ ತಮಾಷೆ ಮಾಡೋಕೆ ನನಗೆ ಮನಸ್ಸಿಲ್ಲ. 1960ರ ದಶಕ ಅಮೆರಿಕದ ಕಪ್ಪು ಜನ ಸಮಾನ ಹಕ್ಕಿಗಾಗಿ ಹೋರಾಡುತ್ತಿದ್ದ ಕಾಲ. ಪಠ್ಯಪುಸ್ತಕದಲ್ಲಿ ತಮ್ಮವರು ಯಾರೂ ಇಲ್ಲದ ಮಕ್ಕಳಿಗೆ, ನೀವು ದಿನಾ ಆಡೋ ಮಾತಿನಲ್ಲೇ ನಮ್ಮವನೊಬ್ಬ ಇದ್ದಾನೆ ಅಂತ ಹೇಳೋದು ಎಷ್ಟು ಖುಷಿಯ ವಿಷಯ! ಕಥೆ ಉಳಿದಿದ್ದು ಆ ಹಸಿವಿನಿಂದ.

ಆದರೆ ಅದರಲ್ಲಿ ಒಂದು ಅಪಾಯ ಇದೆ. ಒಬ್ಬ ಮನುಷ್ಯನ ಬೆಲೆಯನ್ನ ಒಂದು ನುಡಿಗಟ್ಟಿಗೆ ಕಟ್ಟಿಹಾಕಿದರೆ, ಆ ನುಡಿಗಟ್ಟಿನ ಕಥೆ ಸುಳ್ಳು ಅಂತ ಗೊತ್ತಾದ ದಿನ ಮನುಷ್ಯನೂ ಸುಳ್ಳು ಅನ್ನೋ ಹಾಗೆ ಆಗಿಬಿಡುತ್ತೆ. ನಿಜವಾಗಲೂ ಹಾಗೇ ಆಗಿದೆ. ಮೊದಲ ಲೂಬ್ರಿಕೇಟರ್ ಅವನದಲ್ಲ, ನುಡಿಗಟ್ಟೂ ಅವನದಲ್ಲ, ಅಂದಮೇಲೆ ಎಲ್ಲವೂ ಬರೀ ಬಿಲ್ಡಪ್ ಅಂತ ವಾದ ಮಾಡುವವರಿದ್ದಾರೆ. ಉತ್ಪ್ರೇಕ್ಷೆ ಮಾಡಿ ಮೇಲೆ ಕೂರಿಸಿದವರೂ, ಪೂರ್ತಿ ಕೆಳಗೆ ಎಳೆಯುವವರೂ, ಇಬ್ಬರೂ ಒಂದು ಕೆಲಸ ಮಾಡಲ್ಲ: ಪೇಟೆಂಟ್ ತೆಗೆದು ಓದಲ್ಲ.

ಕಥೆ ತೆಗೆದರೆ ಉಳಿಯೋದೇನು?

ಕಥೆ ತೆಗೆದುಹಾಕಿದ ಮೇಲೂ ಉಳಿಯೋದು ಬಹಳ ಇದೆ. ಆಸ್ತಿಯಾಗಿ ಹುಟ್ಟಿದ ಅಪ್ಪ ಅಮ್ಮ, ಸಾಗರ ದಾಟಿ ಕಲಿತು ಬಂದ ಮಗ. ಇಂಜಿನಿಯರ್ ಕೆಲಸ ಕೊಡಲ್ಲ ಅಂದಾಗ ಸಿಕ್ಕ ಎಣ್ಣೆ ಡಬ್ಬಿಯನ್ನೇ ರಿಸರ್ಚ್ ಟಾಪಿಕ್ ಮಾಡಿಕೊಂಡ ಮನುಷ್ಯ. ನಾಲ್ಕು ದಶಕಕ್ಕೂ ಹೆಚ್ಚು ಕಾಲ ಒಂದೇ ಸಮಸ್ಯೆಯನ್ನ ಬಿಡದೆ ಹಿಡಿದು, ಇಂಜಿನ್ ಬದಲಾದ ಹಾಗೆ ಪರಿಹಾರವನ್ನೂ ಬದಲಾಯಿಸುತ್ತಾ, 70ರ ವಯಸ್ಸಿನಲ್ಲಿ ಹೊಸ ಶಾಖಕ್ಕೆ ಹೊಸ ಉತ್ತರ ಹುಡುಕಿದ ತಾಳ್ಮೆ. ಇದಕ್ಕೆಲ್ಲ ದಾಖಲೆ ಇದೆ, ಯಾವ ವಿಸ್ಕಿ ಕಂಪನಿಯ ಸಾಕ್ಷಿಯೂ ಬೇಡ.

ಸತ್ತ ಮೇಲಾದರೂ ಗೌರವ ಸಿಕ್ಕಿತು. 2001ರಲ್ಲಿ ಅಮೆರಿಕದ ನ್ಯಾಷನಲ್ ಇನ್ವೆಂಟರ್ಸ್ ಹಾಲ್ ಆಫ್ ಫೇಮ್‌ಗೆ ಅವರ ಹೆಸರು ಸೇರಿತು. 2012ರಲ್ಲಿ ಅಮೆರಿಕದ ಪೇಟೆಂಟ್ ಆಫೀಸ್ ರಾಜಧಾನಿ ಪ್ರದೇಶದಿಂದ ಹೊರಗೆ ತನ್ನ ಮೊದಲ ಶಾಖೆಯನ್ನ ಡೆಟ್ರಾಯಿಟ್‌ನಲ್ಲಿ ತೆರೆದಾಗ, ಅದಕ್ಕೆ ಎಲೈಜಾ ಮೆಕಾಯ್ ಅವರ ಹೆಸರನ್ನೇ ಇಟ್ಟಿತು. ತಮ್ಮದೇ ಯಂತ್ರಗಳ ಮೇಲೆ ಹೆಸರು ಹಾಕಿಸಿಕೊಳ್ಳೋಕೆ ಆಗದಿದ್ದ ಮನುಷ್ಯನ ಹೆಸರು ಈಗ ಪೇಟೆಂಟ್ ಕೊಡೋ ಕಟ್ಟಡದ ಬಾಗಿಲ ಮೇಲಿದೆ.

ಮುಂದೆ ಯಾರಾದರೂ ನಿಮಗೆ ರಿಯಲ್ ಮೆಕಾಯ್ ಕಥೆ ಹೇಳಿದರೆ, ಅದು ಸ್ಕಾಟ್ಲೆಂಡಿನ ಮಾತು ಅಂತ ತಿಳಿಸಿ. ಆದರೆ ಅಷ್ಟಕ್ಕೇ ನಿಲ್ಲಿಸಬೇಡಿ. ಗೂಗಲ್ ಪೇಟೆಂಟ್ಸ್‌ಗೆ ಹೋಗಿ ಯುಎಸ್ 129843 ಅಂತ ಹಾಕಿ ತೋರಿಸಿ, ಫ್ರೀ ಆಗಿ ಸಿಗುತ್ತೆ. ಚಿಕ್ಕ ಪೇಟೆಂಟ್, ಜೊತೆಗೆ ಚಿತ್ರವೂ ಇದೆ. ಬಟ್ಟಲು, ಕಡ್ಡಿ, ವಾಲ್ವ್, ಪುಟ್ಟ ಪಿಸ್ಟನ್. ನಮ್ಮ ಸೆಕೆಂಡ್ ಇಯರ್ ಮಟ್ಟಕ್ಕೆ ಪೂರ್ತಿ ಅರ್ಥ ಆಗುತ್ತೆ. ಅಸಲಿ ಮೆಕಾಯ್ ಇರೋದು ಅಲ್ಲಿ.